ಫೋಕಸ್‌ಗೆ ನಿಂತವಳು

ನಮ್ಮಪ್ಪ ತೆಗೆದ ಫೋಟೋಗಳಲ್ಲಿ ಎಲ್ಲರೂ ಇದ್ದಾರೆ. ಚಿಕ್ಕಪ್ಪಂದಿರು, ಅವರ ಮಕ್ಕಳು, ಊರಿನಿಂದ ಬಂದ ಪಟೇಲರು, ಎದುರು ಮನೆಯ ಮೇಷ್ಟ್ರು, ಅಣ್ಣನ ಕ್ರಿಕೆಟ್ ಟೀಮು, ಕಡೆಗೆ ನಮ್ಮ ಬೀದಿಯಲ್ಲಿ ಕುಂಟಿಕೊಂಡು ಓಡಾಡುತ್ತಿದ್ದ ಕಂದು ನಾಯಿ ಕೂಡ ಇದೆ. ಅಮ್ಮ ಮಾತ್ರ ಇಲ್ಲ. ನಾಯಿಯ ಫೋಟೋ ಎರಡು ಇವೆ.

ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಿಸಬಹುದು. ಅಪ್ಪ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಅಟ್ಟದ ಮೇಲಿದ್ದ ಟ್ರಂಕನ್ನು ಇಳಿಸಿ, ನೆಲದ ಮೇಲೆ ಹರಡಿಕೊಂಡು ಕೂತು, ಒಂದೊಂದನ್ನೂ ಬೆಳಕಿಗೆ ಹಿಡಿದು ಹುಡುಕಿದವಳು ನಾನೇ. ತಿಥಿಗೆ ಅಪ್ಪ ತೆಗೆದ ಒಳ್ಳೊಳ್ಳೆ ಫೋಟೋಗಳನ್ನು ದೊಡ್ಡದು ಮಾಡಿಸಿ ಛತ್ರದ ಗೋಡೆಗೆ ಹಾಕಬೇಕು ಎಂದು ಅಣ್ಣ ಹೇಳಿದ್ದ. ಆರಿಸುವ ಕೆಲಸ ನನಗೆ ಬಂತು. ಟ್ರಂಕು ಖಾಲಿಯಾದ ಮೇಲೆ ನನಗೆ ಹೊಳೆದದ್ದು ಇಷ್ಟೇ: ಇಷ್ಟು ವರ್ಷ ಈ ಮನೆಯಲ್ಲಿ ಮೂರು ಹೊತ್ತು ಅಡುಗೆ ಮಾಡಿದವಳು ಈ ಮನೆಯ ಫೋಟೋಗಳಲ್ಲಿ ಎಲ್ಲೂ ಇಲ್ಲ.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮದು ಮಂಡ್ಯ ಕಡೆಯ ಒಕ್ಕಲು ಮನೆತನ. ಆ ಪೈಕಿ ಮೊದಲು ಬೆಂಗಳೂರಿಗೆ ಬಂದು ಚಾಮರಾಜಪೇಟೆಯಲ್ಲಿ ಸ್ವಂತ ಮನೆ ಮಾಡಿದವರು ಅವರು. ಕ್ಯಾಮೆರಾ ಇಟ್ಟುಕೊಂಡವರೂ ಅವರೊಬ್ಬರೇ. ಹಾಗಾಗಿ ಕೆಲಸದ ಅರ್ಜಿಗೆ, ಗಂಡಿನ ಕಡೆಯವರಿಗೆ ಕಳಿಸುವುದಕ್ಕೆ, ಸುಮ್ಮನೆ ಹೊಸ ಬಟ್ಟೆ ಹಾಕಿಕೊಂಡಿದ್ದಕ್ಕೆ, ಊರಿನವರೆಲ್ಲ ಫೋಟೋಗೆಂದು ನಮ್ಮ ಮನೆಗೇ ಬರುತ್ತಿದ್ದರು. ಭಾನುವಾರ ನಮ್ಮ ಮನೆ ಅರ್ಧ ಸ್ಟುಡಿಯೋ, ಅರ್ಧ ಹೋಟೆಲ್ಲು. ಸ್ಟುಡಿಯೋ ಅಪ್ಪನದು, ಹೋಟೆಲ್ಲು ಅಮ್ಮನದು.

ಆ ಕ್ಯಾಮೆರಾಕ್ಕೆ ಈಗಿನ ಫೋನಿನ ಹಾಗೆ ಮುಖ ಕಂಡ ಕೂಡಲೇ ತಾನೇ ಸರಿಮಾಡಿಕೊಳ್ಳುವ ಬುದ್ಧಿ ಇರಲಿಲ್ಲ. ಕಿಂಡಿಗೆ ಕಣ್ಣಿಟ್ಟರೆ ನಟ್ಟನಡುವೆ ಒಂದು ಸಣ್ಣ ವೃತ್ತ ಕಾಣುತ್ತದೆ. ಎದುರಿಗಿರುವ ಯಾವುದೇ ನೆಟ್ಟನೆಯ ಗೆರೆ ಆ ವೃತ್ತದೊಳಗೆ ಎರಡು ತುಂಡಾಗಿರುತ್ತದೆ. ಲೆನ್ಸಿನ ಸುತ್ತಲಿನ ಬಳೆಯಂಥ ರಿಂಗನ್ನು ಎಡಗೈಯಿಂದ ತಿರುಗಿಸುತ್ತ ಹೋದರೆ ತುಂಡುಗಳು ಹತ್ತಿರ ಬರುತ್ತವೆ. ಅವು ಕೂಡಿ ಒಂದೇ ಗೆರೆಯಾದ ಕಡೆ ಕೈ ನಿಲ್ಲಿಸಬೇಕು. ಫೋಕಸ್ ಅಂದರೆ ಅದು. ಅಪ್ಪನಿಗೆ ಇದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಹಿಂದೆ ಮುಂದೆ, ಹಿಂದೆ ಮುಂದೆ ತಿರುಗಿಸುತ್ತಲೇ ಇರುತ್ತಿದ್ದರು. ಬಂದ ನೆಂಟರನ್ನು, ಅದರಲ್ಲೂ ಹಿರಿಯರನ್ನು, ಅಷ್ಟು ಹೊತ್ತು ಗೊಂಬೆಯ ಹಾಗೆ ಕೂರಿಸುವುದು ಮರ್ಯಾದೆಯಲ್ಲ ಎನ್ನುವುದು ಅವರ ನಿಯಮ. ನೆಂಟರ ಬದಲು ಕೂರುವುದಕ್ಕೆ ಅಮ್ಮ ಇದ್ದಳಲ್ಲ.

"ಲೇ, ಬಾರೇ ಇಲ್ಲಿ. ಫೋಕಸ್‌ಗೆ ಬೇಕು."

ಅಮ್ಮ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಬರುವಳು. ನಿಂತು ತೆಗೆಸಿಕೊಳ್ಳುವವರಾದರೆ ಕಿಟಕಿಯ ಪಕ್ಕ ನಿಲ್ಲುವಳು, ಕೂತು ತೆಗೆಸಿಕೊಳ್ಳುವ ದೊಡ್ಡವರಾದರೆ ಬೆತ್ತದ ಕುರ್ಚಿಯ ತುದಿಯಲ್ಲಿ ಕೂರುವಳು. ಜಾಗ ತಪ್ಪಬಾರದು ಎಂದು ಕೆಂಪು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದಿಡುತ್ತಿದ್ದಳು. ಅದು ಅವಳದೇ ಉಪಾಯ. ಅಪ್ಪ ಅವಳ ಸೆರಗಿನ ಅಂಚನ್ನು ನೋಡಿಕೊಂಡು ರಿಂಗ್ ತಿರುಗಿಸುವರು. ಸೀರೆಯ ಅಂಚು ನೆಟ್ಟಗೆ ಇಳಿಬಿದ್ದಿರುತ್ತದೆ, ಫೋಕಸ್‌ಗೆ ಅದಕ್ಕಿಂತ ಒಳ್ಳೆಯ ಗೆರೆ ಇಲ್ಲ. ಮುಖ ಬೇಕಾಗಿರಲಿಲ್ಲ. ಗೆರೆ ಕೂಡಿದ ಕೂಡಲೇ "ಸರಿ, ಹೋಗು" ಎನ್ನುವರು. ಆಮೇಲೆ ನೆಂಟರ ಕಡೆ ತಿರುಗಿ, ದನಿ ಮೆತ್ತಗೆ ಮಾಡಿಕೊಂಡು, "ಬನ್ನಿ ಬನ್ನಿ, ಎಲ್ಲಾ ರೆಡಿ ಇದೆ" ಎನ್ನುವರು. ನೆಂಟರು ಬಂದು ಅದೇ ಜಾಗದಲ್ಲಿ ಕೂತು, ಕ್ಲಿಕ್ ಅನ್ನಿಸಿಕೊಂಡು, "ಎಷ್ಟು ಬೇಗ ತೆಗೆದುಬಿಟ್ರಿ!" ಎಂದು ಹೊಗಳುವರು. ಅಷ್ಟರಲ್ಲಿ ಅಮ್ಮ ಒಳಗೆ ಕಾಫಿ ಸೋಸುತ್ತಿರುವಳು.

ಕೊನೆಕೊನೆಗೆ "ಸರಿ, ಹೋಗು" ಎನ್ನುವ ಅಗತ್ಯವೂ ಉಳಿಯಲಿಲ್ಲ. ಅಮ್ಮ ಅಪ್ಪನ ಎಡಗೈಯನ್ನೇ ನೋಡುತ್ತಿರುತ್ತಿದ್ದಳು. ಬೆರಳು ನಿಂತಿತೋ, ಅವಳು ಎದ್ದಳು. ಒಂದು ಮಾತಿಲ್ಲ. ನೋಡಿದವರು ಎಂಥ ಹೊಂದಾಣಿಕೆಯ ಗಂಡಹೆಂಡತಿ ಅಂದುಕೊಳ್ಳಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಆ ಕ್ಯಾಮೆರಾ ಕೇಳಿದ್ದೆ. "ಹೆಣ್ಣುಮಕ್ಕಳ ಕೈಗೆ ಕೊಟ್ರೆ ಬೀಳಿಸ್ತಾರೆ" ಎಂದರು ಅಪ್ಪ. ಹೆಣ್ಣುಮಕ್ಕಳ ಕೈಗೆ ಕುದಿಯುವ ಸಾರಿನ ಪಾತ್ರೆ ಕೊಡಬಹುದು, ಹಸುಗೂಸು ಕೊಡಬಹುದು, ಹಚ್ಚಿದ ದೀಪ ಕೊಡಬಹುದು. ಅದನ್ನೆಲ್ಲ ಬೀಳಿಸುವುದಿಲ್ಲ. ಕ್ಯಾಮೆರಾ ಮಾತ್ರ ಬೀಳಿಸುತ್ತಾರೆ. ಹೀಗಾಗಿ ಅದು ಅಣ್ಣನಿಗೆ ಹೋಯಿತು. ಅಣ್ಣ ಅದಕ್ಕೆ ಒಂದು ರೋಲು ಕೂಡ ಹಾಕಲಿಲ್ಲ. ಮದುವೆಯಾಗಿ ಬೇರೆ ಮನೆ ಮಾಡಿದಾಗ ಅದನ್ನು ಸೂಟ್‌ಕೇಸಿನಲ್ಲಿ ತೆಗೆದುಕೊಂಡು ಹೋಗಿ, ಸೂಟ್‌ಕೇಸಿನಲ್ಲೇ ಬಿಟ್ಟ.

ತಿಥಿಯ ದಿನ ಛತ್ರದ ಗೋಡೆಯ ತುಂಬ ಅಪ್ಪ ತೆಗೆದ ಫೋಟೋಗಳು. ಬಂದವರೆಲ್ಲ ತಂತಮ್ಮ ಮುಖ ಹುಡುಕಿಕೊಂಡು, ಸಿಕ್ಕಿದ ಮೇಲೆ ಅಪ್ಪನನ್ನು ಕಲಾವಿದ ಎಂದರು. ಅಮ್ಮ ಎಲೆ ಹಾಕಿದ ಕಡೆ ನಿಂತಿದ್ದಳು. ಚಿಕ್ಕಮ್ಮ ಅವಳ ಕೈ ಹಿಡಿದು ಗೋಡೆಯ ಹತ್ತಿರ ಕರೆತಂದು, "ಅಕ್ಕ, ಇದ್ರಲ್ಲಿ ನೀನೆಲ್ಲಿದೀಯ?" ಎಂದು ಕೇಳಿದಳು. ಬೇಕೆಂದೇ ಕೇಳಿದಳೋ ಏನೋ, ಚಿಕ್ಕಮ್ಮನ ನಾಲಿಗೆಗೆ ಸ್ವಲ್ಪ ಖಾರ ಇದೆ.

ಅಮ್ಮನ ಮುಖ ಒಂದಿಷ್ಟೂ ಬಾಡಲಿಲ್ಲ. "ಎಲ್ಲಾದ್ರಲ್ಲೂ ಮೊದ್ಲು ನಾನೇ ಕಣೇ ಕೂತಿದ್ದು" ಎಂದಳು. ಹೆಮ್ಮೆಯಿಂದಲೇ ಹೇಳಿದಳು.

ಅವತ್ತು ಸಂಜೆ ಮನೆಗೆ ಬಂದು, ಹಾಲಿನಲ್ಲಿ ಅಪ್ಪನ ಫೋಟೋಗೆ ಹಾಕಿದ್ದ ಹೊಸ ಹಾರವನ್ನು ನೋಡುತ್ತ ಅಮ್ಮ ಅಂದಳು: "ನಂದು ಒಂದೂ ಒಳ್ಳೆ ಫೋಟೋ ಇಲ್ವಲ್ಲ ಮಗ. ನಾನ್ ಹೋದ್ಮೇಲೆ ಯಾವ್ದಕ್ಕೆ ಹಾರ ಹಾಕ್ತೀರಿ?"

ನಗುತ್ತಲೇ ಅಂದಳು. ಆದರೆ ಅವಳು ಹೀಗೆ ತನಗೆಂದು ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ಮಾತು ನಿಜವೂ ಆಗಿತ್ತು. ಮದುವೆಯ ಫೋಟೋದಲ್ಲಿ ಬಾಸಿಂಗದ ಕೆಳಗೆ ಮುಖ ಬಗ್ಗಿಸಿಕೊಂಡಿದ್ದಾಳೆ, ಬೈತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದಾಳೆ. ಫೋನು ಎತ್ತಿದರೆ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾಳೆ. ಹೃದಯದ ಡಾಕ್ಟರು ಆಗಲೇ ಮೆಟ್ಟಿಲು ಹತ್ತಬೇಡಿ, ಉಪ್ಪು ಕಡಿಮೆ ಮಾಡಿ ಎಂದು ಶುರುಮಾಡಿದ್ದರು. ನಾನು ಮಾರನೆಯ ದಿನವೇ ಸುತ್ತಿಗೆ ತಂದು ಅಪ್ಪನ ಫೋಟೋದ ಪಕ್ಕದಲ್ಲಿ ಒಂದು ಮೊಳೆ ಹೊಡೆದೆ.

ಅಣ್ಣ ಬಂದವನು ಅದನ್ನು ನೋಡಿ ಹೌಹಾರಿದ. "ಬದುಕಿರೋರಿಗೆ ಮೊಳೆ ಹೊಡೀತಾರೇನೇ? ಬುದ್ಧಿ ಇದೆಯಾ ನಿಂಗೆ?"

"ಇರ್ಲಿ ಬಿಡೋ. ಹೆಂಗಿದ್ರೂ ಬೇಕಲ್ಲ" ಎಂದಳು ಅಮ್ಮ.

ನಾನು ಅಣ್ಣನ ಹತ್ತಿರ ಕ್ಯಾಮೆರಾ ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಫೋನಿನಲ್ಲೇ ಈಗ ಎಂತೆಂಥ ಫೋಟೋ ಬರುತ್ತವೆ, ಹಿಂದೆ ಮಸುಕು ಮಾಡುತ್ತದೆ, ಸುಕ್ಕು ತೆಗೆಯುತ್ತದೆ ಎಂದೆಲ್ಲ ವಿವರಿಸಿದ. ನನಗೆ ಸುಕ್ಕು ತೆಗೆಯುವುದು ಬೇಕಾಗಿರಲಿಲ್ಲ. ಆ ಕ್ಯಾಮೆರಾ ಅಮ್ಮನನ್ನು ಅಷ್ಟು ವರ್ಷ ನೋಡಿದೆ, ಒಂದು ಸಲವೂ ಹಿಡಿದುಕೊಂಡಿಲ್ಲ. ಅದೇ ಕ್ಯಾಮೆರಾ, ಅದೇ ರಿಂಗು, ಅದೇ ಕುರ್ಚಿ. ಈ ಸಲ ಅವಳು ಕೂತಿರುವಾಗಲೇ ಬಟನ್ ಒತ್ತಬೇಕು. ಇದು ಹಟ, ಒಪ್ಪಿಕೊಳ್ಳುತ್ತೇನೆ. ಸತ್ತವರ ಜೊತೆ ಜಗಳವಾಡುವುದಕ್ಕೆ ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

"ತಗೊಂಡ್ಹೋಗು, ಶೋಕೇಸಲ್ಲಿಟ್ರೆ ಚೆನ್ನಾಗಿರುತ್ತೆ" ಎಂದು ಅಣ್ಣ ಕೊಟ್ಟ.

ಲೆನ್ಸಿನೊಳಗೆ ಬೂಷ್ಟು ಹಿಡಿದಿತ್ತು. ಬಳೇಪೇಟೆಯ ಹತ್ತಿರ ಇಂಥವನ್ನು ಬಿಚ್ಚಿ ತೊಳೆದುಕೊಡುವ ಅಂಗಡಿ ಇನ್ನೂ ಒಂದಿದೆ ಎಂದು ಯಾರೋ ಹೇಳಿದರು. ಅಲ್ಲಿ ಕೊಟ್ಟು ಸರಿಮಾಡಿಸಿದೆ. ಆದರೆ ಸರಿಯಾದ ಕ್ಯಾಮೆರಾ ಕೈಗೆ ಬಂದ ಮೇಲೆ ಅದನ್ನು ಹೇಗೆ ಬಳಸುವುದು ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಮಾಡುವುದನ್ನು ದೂರದಿಂದ ನೋಡಿದ್ದೆ, ಅಷ್ಟೇ.

ಬಸವನಗುಡಿಯ ಒಂದು ಹಳೆಯ ಮನೆಯನ್ನು ಈಗ ಕಾಫಿ ಕುಡಿಯುವ ಜಾಗ ಮಾಡಿದ್ದಾರೆ. ಅಲ್ಲಿ ಶನಿವಾರದ ಹೊತ್ತು ಫಿಲ್ಮ್ ಕ್ಯಾಮೆರಾ ಕಲಿಸುತ್ತಾರೆಂದು ಸೇರಿಕೊಂಡೆ. ಶೇಷಾದ್ರಿಪುರದ ಆಫೀಸು ಮುಗಿಸಿ, ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು, ನನ್ನ ಅರ್ಧ ವಯಸ್ಸಿನವರ ನಡುವೆ ಹೋಗಿ ಕೂತೆ. ಕಲಿಸುವವನಿಗೆ ಜುಟ್ಟು ಇತ್ತು. "ಫಿಲ್ಮ್ ಅಂದ್ರೆ ತಾಳ್ಮೆ. ಫಿಲ್ಮ್ ಅಂದ್ರೆ ನಿಧಾನ" ಎಂದು ಕಣ್ಣು ಮುಚ್ಚಿಕೊಂಡು ಹೇಳಿದ. ಉಳಿದವರು ಅದನ್ನು ಬರೆದುಕೊಂಡರು. ನಿಧಾನ ಎಂದರೆ ಏನು ಎಂದು ನಮ್ಮಮ್ಮನನ್ನು ಕೇಳಬೇಕಿತ್ತು ಇವನು, ಒಲೆಯ ಮೇಲೆ ಒಗ್ಗರಣೆ ಬಿಟ್ಟು ಬಂದು ಕೂತವಳನ್ನು.

ಅವನನ್ನು ಕೆಟ್ಟವನು ಅನ್ನಬಾರದು. ಚೆನ್ನಾಗಿಯೇ ಕಲಿಸಿದ. ಹಿಂಬದಿಯ ಬಾಗಿಲು ತೆಗೆದು ಫಿಲ್ಮಿನ ತುದಿಯನ್ನು ಸಿಕ್ಕಿಸುವುದು, ಬೆಳಕು ಎಷ್ಟಿದೆ ಎಂದು ಕಿಂಡಿಯೊಳಗಿನ ಮುಳ್ಳು ನೋಡಿ ತಿಳಿಯುವುದು, ಬೆಳಕು ಕಡಿಮೆಯಿದ್ದರೆ ಲೆನ್ಸಿನ ಬಾಯಿ ಅಗಲ ಮಾಡುವುದು, ಬಾಯಿ ಅಗಲವಾದಷ್ಟೂ ಫೋಕಸ್ ನಾಜೂಕಾಗಿ ಒಂದು ಗೇಣು ಆಚೀಚೆಯಾದರೂ ಮುಖ ಮಸುಕಾಗುವುದು, ಎಲ್ಲವನ್ನೂ ಬಿಡಿಸಿ ಹೇಳಿದ. ಬಟನ್ ಒತ್ತಿದ ಗಳಿಗೆಯಲ್ಲಿ ಒಳಗಿನ ಕನ್ನಡಿ ಮೇಲೇಳುತ್ತದೆ, ಆಗ ಕಿಂಡಿ ಕತ್ತಲಾಗುತ್ತದೆ. ಫೋಟೋ ಆಗುವ ಆ ಕ್ಷಣವನ್ನು ಮಾತ್ರ ತೆಗೆಯುವವರು ನೋಡುವುದಕ್ಕೆ ಆಗುವುದಿಲ್ಲ ಎಂದೂ ಅವನೇ ಹೇಳಿದ್ದು. ಅದನ್ನು ಕೇಳಿ ನನಗೆ ಅಪ್ಪನ ನೆನಪು ಬಂತು. ಎಲ್ಲ ಕ್ಷಣಗಳಲ್ಲೂ ಅವರ ಕಿಂಡಿ ಕತ್ತಲೇ ಇತ್ತೇನೋ.

ಮೊದಲ ದಿನವೇ ಅವನು ಒಂದು ಮಾತು ಹೇಳಿದ್ದ. "ಮ್ಯಾಮ್, ಫಿಲ್ಮ್ ತುಂಬಾ ಕಾಸ್ಟ್ಲಿ. ಸುಮ್ನೆ ವೇಸ್ಟ್ ಮಾಡ್ಬೇಡಿ. ಮನೇಲಿ ಯಾರನ್ನಾದ್ರೂ ಕೂರಿಸ್ಕೊಂಡು ಖಾಲಿ ಕ್ಯಾಮೆರಾದಲ್ಲೇ ಫೋಕಸ್ ಪ್ರಾಕ್ಟೀಸ್ ಮಾಡಿ. ಕೈಗೆ ಅಭ್ಯಾಸ ಆಗ್ಬೇಕು."

ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ನಾನು ಮದುವೆಯಾಗಲಿಲ್ಲ. ಅದು ಬೇರೆ ಕಥೆ, ಇಲ್ಲಿ ಬೇಡ. ಆಫೀಸಿನಿಂದ ಬಂದು ಕಾಫಿ ಕುಡಿದ ಮೇಲೆ ಅಮ್ಮನನ್ನು ಕರೆಯತೊಡಗಿದೆ.

"ಅಮ್ಮಾ, ಒಂಚೂರು ಬಾ. ಫೋಕಸ್ ಮಾಡ್ಬೇಕು."

ಎಷ್ಟು ಖುಷಿಯಾಯಿತು ಅವಳಿಗೆ! ಸೊಪ್ಪು ಬಿಡಿಸುವುದನ್ನು ಬಿಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ನಾನು ಸೆರಗಿನ ಅಂಚು ಹಿಡಿದು ರಿಂಗ್ ತಿರುಗಿಸಿದೆ. ಮೊದಮೊದಲು ಗೆರೆ ಕೂಡುತ್ತಲೇ ಇರಲಿಲ್ಲ. ಕೂಡಿತು ಅನ್ನುವಷ್ಟರಲ್ಲಿ ಕೈ ಜಾರಿ ಆಚೆ ಹೋಗುತ್ತಿತ್ತು. "ದಾಟಿಸ್ಬಿಟ್ಟೆ ನೀನು. ಸ್ವಲ್ಪ ಹಿಂದಕ್ಕೆ ತಿರುಗ್ಸು" ಎಂದು ಅಮ್ಮ ಅಲ್ಲಿಂದಲೇ ಹೇಳುತ್ತಿದ್ದಳು. ಕಿಂಡಿಯೊಳಗೆ ಏನು ಕಾಣುತ್ತದೆ ಎಂದು ಅವಳು ಹುಟ್ಟಿದಾಗಿನಿಂದ ನೋಡಿಲ್ಲ. ಅಪ್ಪನ ಕೈ ಯಾವ ಜಾಗಕ್ಕೆ ಬಂದಾಗ ನಿಲ್ಲುತ್ತಿತ್ತು ಎನ್ನುವುದು ಗೊತ್ತು. ಅದರ ಮೇಲೆಯೇ ಹೇಳುತ್ತಿದ್ದಳು, ಸರಿಯಾಗಿಯೇ ಇರುತ್ತಿತ್ತು.

ಗೆರೆ ಕೂಡಿದ ಮೇಲೆ ನಾನು "ಬಂತು, ಆಯ್ತು" ಎನ್ನುತ್ತಿದ್ದೆ. ಅಮ್ಮ ಎದ್ದು ಸೊಪ್ಪಿನ ಹತ್ತಿರ ಹೋಗುತ್ತಿದ್ದಳು. ಇದು ದಿನವೂ ನಡೆಯಿತು. ಒಂದು ಸಂಜೆ ನಾನು ಬರುವಷ್ಟರಲ್ಲಿ ಕುರ್ಚಿ ಕಿಟಕಿಯ ಪಕ್ಕಕ್ಕೆ ಬಂದಿತ್ತು, ಮುಂದೆ ನೆಲದ ಮೇಲೆ ರಂಗೋಲಿ ಪುಡಿಯ ಗೆರೆ. ನಾನು ಹೇಳಿರಲಿಲ್ಲ. ಕುರ್ಚಿ ಎಳೆಯಬೇಡ, ಎದೆ ನೋವು ಬಂದರೆ ಏನು ಮಾಡುತ್ತೀಯ ಎಂದು ಬೈದೆ. ಗೆರೆಯನ್ನು ಬಳಸಿಕೊಂಡೆ.

ನನ್ನ ಕೈ ಪಳಗಿತು. ಮೊದಲ ರೋಲನ್ನು ಆ ಗುಂಪಿನ ಜೊತೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಅಡ್ಡಾಡಿಕೊಂಡು ತೆಗೆದೆ. ಕನಕಾಂಬರ ಕಟ್ಟುವ ಕೈ, ತೆಂಗಿನಕಾಯಿ ರಾಶಿ, ಬಸ್ಸಿಗೆ ಕಾಯುವವರು. ತೊಳೆಸಿ ನೋಡಿದಾಗ ಬಹಳಷ್ಟು ಸ್ಪಷ್ಟವಾಗಿಯೇ ಬಂದಿದ್ದವು. ಜುಟ್ಟಿನವನು ಎಲ್ಲರೆದುರು "ಮ್ಯಾಮ್ ಫೋಕಸ್ ನೋಡ್ರೋ, ಒಂದೂ ಮಿಸ್ ಇಲ್ಲ" ಎಂದ. ಈ ವಯಸ್ಸಿನಲ್ಲಿ ಒಂದು ಹೊಗಳಿಕೆಗೆ ಕಿವಿ ಬಿಸಿಯಾಗುತ್ತದೆ ಎಂದು ಗೊತ್ತಿರಲಿಲ್ಲ. ಎರಡನೆಯ ರೋಲು ಹಾಕಿ, ಅದರಲ್ಲಿ ಕೊನೆಯ ಕೆಲವು ಫೋಟೋಗಳನ್ನು ಅಮ್ಮನಿಗೆಂದು ಉಳಿಸಿಕೊಂಡೆ. ಇನ್ನು ತಡಮಾಡುವುದಕ್ಕೆ ಕಾರಣ ಇರಲಿಲ್ಲ.

ಶನಿವಾರ ರಾತ್ರಿ ಊಟದ ಹೊತ್ತಿಗೆ ಹೇಳಿದೆ. "ನಾಳೆ ಪ್ರಾಕ್ಟೀಸ್ ಅಲ್ಲ. ನಾಳೆ ನಿಂದೇ ಫೋಟೋ. ಆ ಮೊಳೆಗೆ."

ಅಮ್ಮ ತಟ್ಟೆ ನೋಡಿಕೊಂಡು ನಕ್ಕಳು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತಲೆಗೆ ಸ್ನಾನ ಮಾಡಿ, ಅಣ್ಣನ ಮದುವೆಯ ಕಾಲದ ಹಸಿರು ರೇಷ್ಮೆ ಸೀರೆ ಉಟ್ಟು, ನೆರಿಗೆ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. "ಜಾಸ್ತಿ ಆಯ್ತೇನೇ?" ಎಂದು ಕೇಳಿದಳು. ಜಾಸ್ತಿಯಾಗಿಲ್ಲ ಎಂದೆ. ಮುಖಕ್ಕೆ ಪೌಡರ್ ಹಚ್ಚಿದ್ದಳು, ಕಿವಿಯ ಹತ್ತಿರ ಸ್ವಲ್ಪ ಉಳಿದಿತ್ತು, ಒರೆಸಿದೆ. ಅವಳಿಗೆ ಆ ಫೋಟೋ ಬೇಕಾಗಿತ್ತು. ಇದನ್ನು ನಾನು ಒತ್ತಿ ಹೇಳಬೇಕು. ಬಲವಂತಕ್ಕೆ ಕೂತವಳಲ್ಲ ಅವಳು.

ನಮ್ಮ ಎದುರಿಗೆ ಮೇಷ್ಟ್ರ ಮನೆ ಹೋಗಿ ಅಪಾರ್ಟ್‌ಮೆಂಟು ಎದ್ದಿದೆ. ಅದಾದ ಮೇಲೆ ಹಾಲಿನ ಕಿಟಕಿಗೆ ಬೆಳಕು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು, ಆ ಕಟ್ಟಡದ ಪಕ್ಕದ ಸಂದಿಯಿಂದ. ಆ ಬೆಳಕು ಕುರ್ಚಿಯ ಮೇಲೆ ಬಿದ್ದಾಗ ಅಮ್ಮನನ್ನು ಕೂರಿಸಿದೆ. ಚಂದ ಕಾಣುತ್ತಿದ್ದಳು. ಕಿಂಡಿಗೆ ಕಣ್ಣಿಟ್ಟು, ಹಸಿರು ಸೀರೆಯ ಜರಿ ಅಂಚು ಹಿಡಿದು, ರಿಂಗ್ ತಿರುಗಿಸಿದೆ. ಎರಡು ತುಂಡು, ಹತ್ತಿರ, ಇನ್ನೂ ಹತ್ತಿರ. ಕೂಡಿತು. ಬಟನ್ ಒತ್ತಿದೆ. ಕಿಂಡಿ ಕತ್ತಲಾಗಿ ತೆರೆಯಿತು. ಕುರ್ಚಿ ಖಾಲಿ. ಅಮ್ಮ ಎದ್ದು ಎರಡು ಹೆಜ್ಜೆ ಆಚೆ ಹೋಗಿದ್ದಳು.

"ಅಮ್ಮಾ!"

"ಅಯ್ಯೋ, ಎದ್ಬಿಟ್ನಾ?" ಎಂದು ಅವಳೇ ಬೆರಗಾಗಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ಮತ್ತೆ ಕೂತಳು. ಎದ್ದೇಳಬೇಡ, ನಾನು ಹೇಳುವತನಕ ಕೂತಿರು ಎಂದೆ. ಆಗಲಿ ಎಂದಳು. ನನ್ನ ಬೆರಳು ನಿಂತಿತು, ಬಟನ್ ಒತ್ತುವಷ್ಟರಲ್ಲಿ ಅವಳು ಎದ್ದಳು. ಈ ಸಲ ಅರ್ಧ ಎದ್ದು, ನೆನಪಾಗಿ, ಮತ್ತೆ ಕೂರಲು ಹೋಗಿ ಕುರ್ಚಿಯ ಕೈ ಹಿಡಿದುಕೊಂಡಳು.

"ಬೆನ್ನು ಹಿಂದಕ್ಕೆ ಒರಗಿಸ್ಕೊ. ತುದೀಲಿ ಯಾಕೆ ಕೂತ್ಕೊಳ್ತೀಯ?"

ಒರಗಿದಳು. ಒರಗಿದರೆ ಅವಳ ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಅಷ್ಟು ವರ್ಷ ಮನೆಯಲ್ಲಿದ್ದ ಕುರ್ಚಿ ಅದು. ಅವಳು ಪೂರ್ತಿ ಕೂತದ್ದು ಅವತ್ತೇ ಮೊದಲಿರಬೇಕು. ನಾನು ಮತ್ತೆ ಕಣ್ಣಿಟ್ಟೆ. ಅವಳು ಲೆನ್ಸನ್ನು ನೋಡುತ್ತಿರಲಿಲ್ಲ, ನನ್ನ ಎಡಗೈಯನ್ನು ನೋಡುತ್ತಿದ್ದಳು. ಇಲ್ಲಿ ನೋಡು, ಗಾಜು ನೋಡು ಎಂದೆ. ಗಾಜು ನೋಡಿದಳು, ಮತ್ತೆ ಕಣ್ಣು ಜಾರಿ ಕೈಗೆ ಬಂತು. ಬೆಳಕು ಕುರ್ಚಿಯ ಕೈಯಿಂದ ಆಗಲೇ ಇಳಿಯುತ್ತಿತ್ತು. ನನಗೆ ತಾಳ್ಮೆ ಹೋಯಿತು.

"ಎಷ್ಟ್ ಸಲ ಹೇಳೋದಮ್ಮ? ಒಂದು ನಿಮಿಷ ಕೂತ್ಕೊಳಕ್ಕಾಗಲ್ವಾ ನಿಂಗೆ? ಒಂದೇ ಒಂದು ನಿಮಿಷ?"

ಕಿರುಚಿದ್ದೆ. ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಯಾರೋ ಬಗ್ಗಿ ನೋಡಿದರು. ಅಮ್ಮ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು, ಎದ್ದೇಳದೆ, ತಲೆ ತಗ್ಗಿಸಿ ಕೂತಳು. ಆ ಭಂಗಿಯಲ್ಲೇ ಒಂದು ಒತ್ತಿದೆ. ಆಮೇಲೆ ಒಳಗೆ ಕುಕ್ಕರ್ ಕೂಗಿತು.

"ನನ್ ಕೈಲಾಗಲ್ಲ ಮಗ. ನೀನು ಬೇರೆ ಯಾರ್ದಾದ್ರೂ ತೆಗಿ" ಎಂದು ಮೆಲ್ಲಗೆ ಹೇಳಿ, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ರೋಲಿನಲ್ಲಿ ಒಂದು ಉಳಿದಿತ್ತು. ನನ್ನ ಕೋಪ ಯಾರ ಮೇಲೆ ಎಂದು ಕೇಳಿದರೆ ಆಗಲೂ ಹೇಳುತ್ತಿರಲಿಲ್ಲ, ಈಗಲೂ ಹೇಳಲಾರೆ. ಅಪ್ಪನ ಮೇಲೆ ಎಂದರೆ ಅರ್ಧ ನಿಜ. ಎದ್ದು ಹೋದವಳ ಮೇಲೂ ಇತ್ತು. ಖಾಲಿ ಕುರ್ಚಿಗೆ ಕ್ಯಾಮೆರಾ ಹಿಡಿದು, ಬೆತ್ತದ ಎಳೆಗಳನ್ನು ಕೂಡಿಸಿ, ಬಟನ್ ಒತ್ತಿ, ರೋಲು ಮುಗಿಸಿದೆ.

ಪ್ರಿಂಟುಗಳು ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಕೂತು ನೋಡಿದಳು, ನೆಲದ ಮೇಲೆ. ನಾನು ಆಗಲೇ ನೋಡಿದ್ದೆ. ಮೊದಲನೆಯದರಲ್ಲಿ ಹಸಿರು ಬಣ್ಣದ ಒಂದು ಮಸುಕು ಫೋಟೋದ ಆಚೆಗೆ ಹೋಗುತ್ತಿದೆ. ಎರಡನೆಯದರಲ್ಲಿ ಅರ್ಧ ಎದ್ದ ಬೆನ್ನು. ಮೂರನೆಯದರಲ್ಲಿ ಬಗ್ಗಿದ ತಲೆ, ಬೈತಲೆ, ಕುರ್ಚಿ ಹಿಡಿದ ಬೆರಳುಗಳು. ಮದುವೆಯ ಫೋಟೋದಲ್ಲಿ ಕಂಡಷ್ಟೇ ಇದರಲ್ಲೂ ಕಾಣುತ್ತಾಳೆ, ಕೂದಲು ಮಾತ್ರ ಬೆಳ್ಳಗಾಗಿದೆ. ಅವನ್ನೆಲ್ಲ ಅವಳು ಒಂದೊಂದಾಗಿ ಪಕ್ಕಕ್ಕಿಟ್ಟಳು. ಇನ್ನೊಂದು ರೋಲು ತರುತ್ತೇನೆ ಎಂದು ಹೇಳಬೇಕೆಂದಿದ್ದೆ. ಕಿರುಚಿದ್ದಕ್ಕೆ ಏನಾದರೂ ಹೇಳಬೇಕೆಂದೂ ಇತ್ತು.

ಕೊನೆಯದು ಕೈಗೆ ಬಂದಾಗ ಅವಳ ಮುಖ ಅರಳಿತು.

"ಏ, ಇದ್ ನೋಡೇ! ಎಷ್ಟ್ ಚೆನ್ನಾಗ್ ಬಂದಿದೆ. ಬೆತ್ತದ ಒಂದೊಂದ್ ಎಳೆನೂ ಎಣಿಸ್ಬೋದು."

ಖಾಲಿ ಕುರ್ಚಿ. ಅದರ ಮೇಲೆ ಕಿಟಕಿಯ ಬೆಳಕು, ಕೆಳಗೆ ರಂಗೋಲಿ ಪುಡಿಯ ಗೆರೆ. ಸೂಜಿಯ ಮೊನೆಯಷ್ಟು ಸ್ಪಷ್ಟವಾಗಿತ್ತು, ಸುಳ್ಳು ಹೇಳಬಾರದು. ಅಮ್ಮ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ಬೆರಳಿನಿಂದ ಮೂಲೆ ಒರೆಸಿದಳು.

"ನಿಮ್ಮಪ್ಪನ ಕೈನೇ ಬಂದಿದೆ ಕಣೇ ನಿಂಗೆ" ಎಂದಳು.

ಅವಳಿಗೆ ಗೊತ್ತಿರುವ ದೊಡ್ಡ ಹೊಗಳಿಕೆ ಅದು. ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಅವಳು ಇನ್ನೂ ಫೋಟೋವನ್ನೇ ನೋಡುತ್ತಿದ್ದಳು. ಅದರಲ್ಲಿ ತಾನಿಲ್ಲ ಎಂದು ಅವಳಿಗೆ ಒಂದು ಕ್ಷಣವೂ ಅನ್ನಿಸಿದ ಹಾಗೆ ಕಾಣಲಿಲ್ಲ. ತಾನು ಕೂತು ಫೋಕಸ್ ಕೊಟ್ಟ ಜಾಗ ಚೆನ್ನಾಗಿ ಬಂದಿದೆ, ತನ್ನ ಕೆಲಸ ಸರಿಯಾಗಿದೆ, ಅಷ್ಟೇ ಅವಳಿಗೆ ಕಂಡದ್ದು.

"ಇದಕ್ಕೆ ಕಟ್ಟು ಹಾಕ್ಸು. ಆ ಮೊಳೆ ಸುಮ್ನೆ ಖಾಲಿ ಇದೆಯಲ್ಲ" ಎಂದಳು.

"ಅದು ನಿಂಗೆ ಹೊಡೆದಿದ್ದಮ್ಮ."

"ನಂಗೇ ಅಲ್ವಾ, ನಾನೇ ಹೇಳ್ತಿದೀನಲ್ಲ. ಹಾಕು."

ಬೇಡವೆಂದೆ. ಇನ್ನೊಂದು ಸಲ ಕೂರು, ಈ ಸಲ ಬೈಯುವುದಿಲ್ಲ ಎಂದೆ. ಇನ್ಯಾಕೆ, ಒಂದು ಬಂದಿದೆಯಲ್ಲ ಚೆನ್ನಾಗಿ ಎಂದು ಎದ್ದು ಹೋದಳು. ಆಮೇಲೆಯೂ ಕೇಳಿದ್ದೇನೆ. ಸೀರೆ ಉಡುವುದೇ ಆಯಾಸ ಎನ್ನುತ್ತಾಳೆ, ಉಸಿರು ಸಿಗುವುದಿಲ್ಲ ಎನ್ನುತ್ತಾಳೆ. ಫೋಕಸ್‌ಗೆ ಬೇಕೆಂದರೆ ಮಾತ್ರ ಈಗಲೂ ತಕ್ಷಣ ಬಂದು ಕೂರುತ್ತಾಳೆ. ನಾನು ಕರೆಯುವುದನ್ನು ಬಿಟ್ಟಿದ್ದೇನೆ.

ಕಟ್ಟು ಹಾಕಿಸಿ ತಂದು ಮೊಳೆಗೆ ತೂಗುಹಾಕಿದೆ. ಅಪ್ಪ ಹಾರ ಹಾಕಿಕೊಂಡು ನಗುತ್ತಿದ್ದಾರೆ, ಪಕ್ಕದಲ್ಲಿ ಖಾಲಿ ಕುರ್ಚಿ. ಅಣ್ಣ ಬಂದು ನೋಡಿ, "ಏನೇ ಇದು ಅಸಹ್ಯ" ಎಂದ. ಊರಿನಿಂದ ಬಂದವರು ಮೊದಲು ಅಪ್ಪನಿಗೆ ಕೈ ಮುಗಿಯುತ್ತಾರೆ. ಆಮೇಲೆ ಪಕ್ಕದ್ದನ್ನು ನೋಡಿ, ಕೈ ಮುಗಿಯಬೇಕೋ ಬೇಡವೋ ತಿಳಿಯದೆ, "ಇದು ಯಾರ್ದವ್ವ?" ಎಂದು ಅಮ್ಮನನ್ನು ಕೇಳುತ್ತಾರೆ.

"ನನ್ ಮಗಳು ತೆಗ್ದಿದ್ದು" ಎನ್ನುತ್ತಾಳೆ ಅಮ್ಮ.

ನಾನು ಎದ್ದು ಒಳಗೆ ಹೋಗಿ ಕಾಫಿಗೆ ಇಡುತ್ತೇನೆ.